ಮೊದಲು ಓದುಗ, ಆಮೇಲೆ ಗೂಗಲ್

ಸಕಲೇಶಪುರದಲ್ಲಿ ಹೋಂಸ್ಟೇ ಇಟ್ಟಿದ್ದೀರಿ ಅನ್ನಿ. ವೆಬ್‌ಸೈಟಿನ ಒಂದೇ ಪುಟದಲ್ಲಿ ‘ಸಕಲೇಶಪುರದ ಅತ್ಯುತ್ತಮ ಹೋಂಸ್ಟೇ’ ಎಂದು ಹತ್ತಾರು ಸಲ ತುರುಕಬೇಡಿ. ಆ ಕಾಲ ಹೋಯಿತು. ಪುಟದ ಹಿಂದೆ ಅಡಗಿಸಿಡುವ ಕೀವರ್ಡ್ ಟ್ಯಾಗನ್ನು ರ‍್ಯಾಂಕಿಂಗ್‌ಗೆ ಪರಿಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿತು. 2011ರಲ್ಲಿ ಗೂಗಲ್ ಹುಡುಕಾಟಕ್ಕೆ ‘ಪಾಂಡಾ’ ಎಂಬ ಅಪ್‌ಡೇಟ್ ಬಂದಾಗ ಹುರುಳಿಲ್ಲದ ಎಷ್ಟೋ ಸೈಟುಗಳು ಕೆಳಗಿಳಿದವು.

ಮತ್ತೇನು ಬರೆಯುವುದು? ನಿಮಗೆ ಬರುವ ಫೋನ್ ಕರೆಗಳನ್ನೇ ಸ್ವಲ್ಪ ಗಮನಿಸಿ. ರೈಲ್ವೆ ಸ್ಟೇಷನ್ನಿಂದ ಎಷ್ಟು ದೂರ? ಮಳೆಗಾಲದಲ್ಲಿ ಆ ಕೊನೆಯ ಮಣ್ಣುರಸ್ತೆಗೆ ಸಣ್ಣ ಕಾರು ಹತ್ತುತ್ತಾ? ನೆಟ್‌ವರ್ಕ್ ಸಿಗುತ್ತಾ? ತಿಂಡಿಗೆ ಕಡುಬು, ಅಕ್ಕಿರೊಟ್ಟಿ ಮಾಡ್ತೀರಾ? ಜಿಗಣೆ ಕಾಟ ಉಂಟಾ? ಜನ ಹುಡುಕುವುದೂ ಇವನ್ನೇ. ಒಂದೊಂದಕ್ಕೂ ನೇರವಾಗಿ ಉತ್ತರ ಬರೆದರೆ ಬೇಕಾದ ಕೀವರ್ಡುಗಳು ತಾವಾಗಿಯೇ ಬಂದು ಕೂರುತ್ತವೆ. ಜಿಗಣೆ ಇದ್ದರೆ ಇದೆ ಅಂತಲೇ ಬರೆಯಿರಿ. ಅತಿಥಿಗಳು ಬಂದ ಮೇಲೆ ಬೈಸಿಕೊಳ್ಳುವುದಕ್ಕಿಂತ ವಾಸಿ.

ಪುಟದ ಶೀರ್ಷಿಕೆಯಲ್ಲಿ ಊರಿನ ಹೆಸರಿರಲಿ. ಬರೀ ‘ಸ್ವಾಗತ’ ಎಂದು ಯಾರೂ ಹುಡುಕುವುದಿಲ್ಲ. ದರಪಟ್ಟಿಯನ್ನು ಚಿತ್ರವಾಗಿ ಅಂಟಿಸದೆ ಅಕ್ಷರದಲ್ಲೇ ಟೈಪ್ ಮಾಡಿ. ಪ್ರತಿ ಫೋಟೋದ ಆಲ್ಟ್ ಟೆಕ್ಸ್ಟಿನಲ್ಲಿ ಅದರಲ್ಲೇನಿದೆ ಎಂದು ಒಂದು ಸಾಲು ಬರೆಯಿರಿ. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದೂ ಅದನ್ನೇ.

ಇನ್ನೊಂದು ಮಾತು. ‘ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ’ ಎಂದು ಫೋನ್ ಮಾಡುವವರಿಗೆ ದುಡ್ಡು ಸುರಿಯಬೇಡಿ. ಅಂಥ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳಿದೆ.