ಸುದ್ದಿ ಸುಲಭವಾಗಲಿ, ಸುಳ್ಳಾಗದಿರಲಿ

‘ಹೊರತುಪಡಿಸಿ’, ‘ವಿತರಿಸಲಾಗುವುದು’, ‘ಅರ್ಹ ಫಲಾನುಭವಿಗಳು’. ಪೇಪರಿನ ಇಂಥ ಪದಗಳನ್ನು ನಾವೇ ಒಮ್ಮೊಮ್ಮೆ ಎರಡು ಸಲ ಓದಬೇಕಾಗುತ್ತೆ. ಅಕ್ಷರ ಕೂಡಿಸಿ ಕೂಡಿಸಿ ಓದುವವರ ಪಾಡೇನು? 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75.36. ಅಂದರೆ ಏಳು ವರ್ಷ ಮೇಲ್ಪಟ್ಟ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಓದು ಬರಹ ಬರುತ್ತಿರಲಿಲ್ಲ. ಸಾಕ್ಷರರ ಲೆಕ್ಕದಲ್ಲಿರುವ ಎಲ್ಲರೂ ಪೇಪರ್ ಓದಿ ತಿಳಿದುಕೊಳ್ಳುತ್ತಾರೆ ಅಂತಲೂ ಅಲ್ಲ.

ಸ್ವೀಡನ್ನಿನಲ್ಲಿ 1984ರಿಂದಲೇ ಸರಳ ಭಾಷೆಯ ಸುದ್ದಿಪತ್ರಿಕೆಯೊಂದಿದೆ. ಜಪಾನಿನ ಎನ್‌ಎಚ್‌ಕೆ 2012ರಲ್ಲಿ ಸುಲಭ ಜಪಾನಿ ಭಾಷೆಯ ಸುದ್ದಿ ಶುರು ಮಾಡಿತು. ಆಗ ಇದೆಲ್ಲ ಮನುಷ್ಯರೇ ಕೂತು ಬರೆಯಬೇಕಾದ ಕೆಲಸ. ಈಗ ಎಐ ಕ್ಷಣದಲ್ಲಿ ಬರೆದುಕೊಡುತ್ತೆ. ನಾವೂ ಪ್ರಯತ್ನಿಸಿದೆವು. ನಾವೇ ಕಟ್ಟಿದ ಒಂದು ಸುದ್ದಿ ಕೊಟ್ಟೆವು:

“ಬೆಳೆ ಸಾಲ ಮರುಪಾವತಿಸದವರನ್ನು ಹೊರತುಪಡಿಸಿ, ಜುಲೈ 31ರೊಳಗೆ ನೋಂದಾಯಿಸಿಕೊಂಡ ರೈತರಿಗೆ ಎಕರೆಗೆ ಗರಿಷ್ಠ 5,000 ರೂಪಾಯಿವರೆಗೆ ಪರಿಹಾರ ವಿತರಿಸಲಾಗುವುದು.”

ಬಂದ ಉತ್ತರ: “ಹೆಸರು ಬರೆಸಿದ ರೈತರಿಗೆ ಎಕರೆಗೆ 5,000 ರೂಪಾಯಿ ಸಿಗುತ್ತೆ.”

ಎಷ್ಟು ಚೆನ್ನಾಗಿದೆ ಅಂತ ಮೆಸ್ಸಿನ ಅಕ್ಕನಿಗೆ ಓದಿ ಹೇಳಿದೆವು. ಅವರು ತಕ್ಷಣ, “ಹಂಗಾದ್ರೆ ನಮ್ಮಣ್ಣಂಗೂ ಬರುತ್ತಾ? ಅವನು ಸಾಲ ಇನ್ನೂ ತೀರ್ಸಿಲ್ಲ” ಅಂದರು. ನಾವು ಸುಮ್ಮನಾದೆವು. ಕೊನೇ ದಿನ, ‘ಗರಿಷ್ಠ’, ‘ಹೊರತುಪಡಿಸಿ’ ಮೂರೂ ಮಾಯ! ಇದು ಕಟ್ಟಿದ ಸುದ್ದಿ ಅಂತ ಅಕ್ಕನಿಗೆ ಹೇಳಿದೆವು. ನಿಜವಾದ ಸುದ್ದಿಯಾಗಿದ್ದರೆ ಅವರಣ್ಣ ಕೂಲಿ ಬಿಟ್ಟು, ಬಸ್ ಹಿಡಿದು, ತಾಲ್ಲೂಕು ಕಚೇರಿಯಿಂದ ಬರಿಗೈಲಿ ವಾಪಸ್ ಬರಬೇಕಿತ್ತು. ಮೂಲ ಸುದ್ದಿ ಓದಲು ಬರುವವರು ತಪ್ಪನ್ನು ಹಿಡಿಯಬಹುದು. ಸರಳ ಸುದ್ದಿ ಯಾರಿಗಾಗಿಯೋ ಅವರಿಗೆ ಆ ದಾರಿಯೇ ಇಲ್ಲ.

ಕನ್ನಡದಲ್ಲಿ ಈ ಅಪಾಯ ಜಾಸ್ತಿ. ಷರತ್ತು, ನಿಷೇಧ, ಮಿತಿ ಎಲ್ಲವೂ ಪದದ ಬಾಲದಲ್ಲಿ ಅಂಟಿಕೊಂಡಿರುತ್ತವೆ. ‘ತೀರಿಸಿದವರಿಗೆ’, ‘ತೀರಿಸದವರಿಗೆ’: ಒಂದು ಗುಣಿತ ಬದಲಾದರೆ ಅರ್ಥವೇ ತಿರುಗುಮುರುಗು. 1948ರ ಫ್ಲೆಶ್ ಸೂತ್ರ ಇಂಗ್ಲಿಷ್ ವಾಕ್ಯದಲ್ಲಿ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರಾಂಶ ಅಂತ ಎಣಿಸಿ ಓದು ಎಷ್ಟು ಸುಲಭ ಅಂತ ಹೇಳುತ್ತೆ. ಬಾಲ ಬೆಳೆಯುವ ನಮ್ಮ ಪದಗಳಿಗೆ ಆ ಲೆಕ್ಕ ಹಾಗೇ ಹೊಂದಲ್ಲ. ಅಲ್ಲದೆ ಯಾವ ಎಣಿಕೆಯೂ ಸುದ್ದಿ ಸರಿಯೋ ತಪ್ಪೋ ಅಂತ ಹೇಳಲ್ಲ.

ಆಮೇಲೆ ನಾವು ಕೆಲಸದ ಕ್ರಮ ಬದಲಿಸಿದೆವು:

1. ಸರಳಗೊಳಿಸುವ ಮೊದಲು ಪಟ್ಟಿ ಮಾಡಿಸಿ: ಯಾರಿಗೆ, ಯಾರಿಗಿಲ್ಲ, ಎಷ್ಟು, ಯಾವಾಗಿನವರೆಗೆ. ಆ ಪಟ್ಟಿಯನ್ನು ಮೂಲದ ಜತೆ ನೀವೇ ತಾಳೆ ನೋಡಿ.

2. ಒಂದು ವಾಕ್ಯಕ್ಕೆ ಒಂದೇ ವಿಷಯ. “ಜುಲೈ 31ರೊಳಗೆ ಹೆಸರು ಬರೆಸಬೇಕು. ಎಕರೆಗೆ ಹೆಚ್ಚೆಂದರೆ 5,000 ರೂಪಾಯಿ ಸಿಗುತ್ತೆ. ಕಡಿಮೆಯೂ ಸಿಗಬಹುದು. ಬೆಳೆ ಸಾಲ ತೀರಿಸದವರಿಗೆ ಸಿಗಲ್ಲ.” ಸುದ್ದಿ ಉದ್ದವಾಯ್ತು, ಆದರೆ ಸುಲಭವಾಯ್ತು.

3. ಅಂಕಿ, ದಿನಾಂಕ ಉಳಿದಿವೆಯಾ ಅಂತ ನೋಡಲು ಹತ್ತು ಸಾಲಿನ ಕೋಡ್ ಸಾಕು. ‘ಮಾತ್ರ’, ‘ವರೆಗೆ’, ‘ಇಲ್ಲ’ ಉಳಿದಿವೆಯಾ ಅನ್ನೋದನ್ನು ಮನುಷ್ಯರೇ ನೋಡಬೇಕು.

4. ಕೇಳುಗರನ್ನು “ಅರ್ಥ ಆಯ್ತಾ?” ಅಂತ ಕೇಳಬೇಡಿ. ಎಲ್ಲರೂ ‘ಹೂಂ’ ಅಂತಾರೆ. “ಇದನ್ನ ನಿಮ್ಮ ಅಣ್ಣಂಗೆ ಹೇಗೆ ಹೇಳ್ತೀರಾ?” ಅಂತ ಕೇಳಿ.

ಹೊಸ ಸಾಲುಗಳನ್ನು ಮೆಸ್ಸಿನ ಅಕ್ಕನಿಗೆ ಓದಿದೆವು. “ಮೊದ್ಲು ಸಾಲ ತೀರ್ಸು, ಆಮೇಲೆ ಹೋಗು ಅಂತೀನಿ” ಅಂದರು. ನಮಗೆ ಬೇಕಿದ್ದ ಉತ್ತರ ಅದೇ.