ವ್ಯಸನ ಮತ್ತು ಎಲ್‌ಜಿಬಿಟಿ ಸಮುದಾಯ: ನಮ್ಮ ಜಿಲ್ಲೆಯಿಂದ ಒಂದು ಪಾಠ

ರಾಯಚೂರು, ದೇವದುರ್ಗ, ಮಾನ್ವಿ ಕಡೆಯವರಿಗೆ ಸಿ.ಎಚ್. ಪೌಡರ್ ಅಂದರೆ ಏನಂತ ಬಿಡಿಸಿ ಹೇಳಬೇಕಾಗಿಲ್ಲ. ಸೇಂದಿ ಅಂತ ಮಾರೋದರಲ್ಲಿ ಎಷ್ಟೋ ಸಲ ಈಚಲ ಮರದ ಹನಿಯೂ ಇರೋದಿಲ್ಲ. ನೀರು, ಸಿಹಿ, ಪೌಡರ್ ಅಷ್ಟೇ. ಇದರ ಪೂರ್ತಿ ಹೆಸರು ಕ್ಲೋರಲ್ ಹೈಡ್ರೇಟ್. 1869ರಿಂದ ವೈದ್ಯರು ನಿದ್ರೆ ಔಷಧಿಯಾಗಿ ಬಳಸಿದ ರಾಸಾಯನಿಕ. ಲಿವರ್‌ನಲ್ಲಿ ಅದು ಟ್ರೈಕ್ಲೋರೋಎಥನಾಲ್ ಆಗಿ ಬದಲಾಗಿ ಮಿದುಳನ್ನು ಮಂಕು ಮಾಡುತ್ತದೆ. ಜೊತೆಗೆ ಮದ್ಯ ಸೇರಿದರೆ ಒಂದು ಇನ್ನೊಂದರ ಅಮಲನ್ನು ಏರಿಸುತ್ತದೆ. ದಿನಾ ಕುಡಿಯೋರು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗುತ್ತವೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಅದಕ್ಕೇ ಮನೆಯಲ್ಲಿ ಕೂಡಿಹಾಕಿ ಬಿಡಿಸ್ತೀವಿ ಅನ್ನೋದು ಚಿಕಿತ್ಸೆ ಅಲ್ಲ.

ಕುಡಿತ ಎಲ್ಲರಲ್ಲೂ ಇದೆ. ಹಾಗಿದ್ದರೆ ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ಬೇರೆ ಮಾತೇಕೆ ಅಂತ ಕೇಳಬಹುದು. ಅಮೆರಿಕದ ಇಲಾನ್ ಮೇಯರ್ 2003ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು: ಅಲ್ಪಸಂಖ್ಯಾತರ ಒತ್ತಡ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಲೋಹದ ಫೆಟೀಗ್ ಇದ್ದಂಗೆ. ಒಂದೇ ದೊಡ್ಡ ಪೆಟ್ಟಲ್ಲ, ಸಣ್ಣ ಹೊರೆ ಸಾವಿರಾರು ಸಲ. ಮನೆಯಲ್ಲಿ ಮದುವೆ ಮಾತು ಬಂದಾಗ ಸುಳ್ಳು ಹೇಳಬೇಕು, ಹಾಸ್ಟೆಲಿನಲ್ಲಿ ನಡಿಗೆ, ದನಿ ಎಲ್ಲಾ ಅಳೆದು ಇಡಬೇಕು, ಫೋನ್ ಯಾರಾದರೂ ನೋಡಿದರೋ ಅಂತ ಹೆದರಬೇಕು. ಈ ಜಾಗೃತಿ ಸ್ವಲ್ಪ ಹೊತ್ತಾದರೂ ಆಫ್ ಆಗಲಿ ಅಂತ ಗ್ಲಾಸು ಹಿಡಿಯೋರು ಇದ್ದಾರೆ. ಮನೆಯಿಂದ ಹೊರಬಿದ್ದ ಮಂಗಳಮುಖಿಯರದು ಇನ್ನೂ ಕಷ್ಟ. ಬಾಡಿಗೆ ಮನೆ ಸಿಗೋದಿಲ್ಲ, ಕೆಲಸ ಸಿಗೋದಿಲ್ಲ, ರಾತ್ರಿ ರಸ್ತೆಯೇ ದುಡಿಮೆಯಾದರೆ ಭಯ ಮತ್ತು ನಿದ್ದೆ ಎರಡನ್ನೂ ತಡೆಯೋಕೆ ಏನಾದರೂ ಬೇಕಾಗುತ್ತದೆ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಸ್ಟೇಟಸ್ ತುಂಬಿದ ಕ್ಯಾಂಪಸ್‌ಗಳಲ್ಲೇ ಮೆತ್ತಗೆ ಮಾತಾಡೋ ಹುಡುಗನಿಗೆ ಅಡ್ಡಹೆಸರೂ ಬೀಳುತ್ತದೆ ಅನ್ನೋದು ವಿಚಿತ್ರ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಸರಿಪಡಿಸಲೇಬೇಕು. ಕುಡಿತ ರೋಗ, ಆದರೆ ಸಲಿಂಗ ಆಕರ್ಷಣೆ ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಪಟ್ಟಿಯಿಂದ ತೆಗೆದಿದೆ; 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟ್ ಅದು ಅಪರಾಧವೂ ಅಲ್ಲ ಅಂದಿತು. ಕುಡಿತ ಬಿಡಿಸೋಕೆ ಅಂತ ಕರ್ಕೊಂಡು ಹೋಗಿ 'ಅದನ್ನೂ ಸರಿಮಾಡಿ' ಅನ್ನುವ ಮನೆಯವರು ಎರಡನ್ನೂ ಕೆಡಿಸುತ್ತಾರೆ. ಅಂಥ ಅನುಭವ ಆದವರು ಮತ್ತೆ ಡಾಕ್ಟರ್ ಹತ್ತಿರ ಸುಳಿಯೋದು ಕಷ್ಟ.

2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳ ವ್ಯಸನದಿಂದಾದ ತೊಂದರೆಯನ್ನೂ ಒಳಗೊಂಡಿದೆ. ಲಿಂಗ, ಲೈಂಗಿಕ ಒಲವು ನೋಡಿ ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ, ರೋಗಿಯ ಗುಟ್ಟನ್ನು ಹೊರಗೆ ಬಿಡುವಂತಿಲ್ಲ ಅಂತ ಅದರಲ್ಲಿದೆ. ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ಉಚಿತ. ರಾಯಚೂರಿನಲ್ಲಿ ರಿಮ್ಸ್ ಇದೆ. ದೇವದುರ್ಗ, ಮಾನ್ವಿಯವರಿಗೆ ತಾಲ್ಲೂಕು ಆಸ್ಪತ್ರೆಯಿಂದಲೇ ಶುರು ಮಾಡಬಹುದು.

ಗೆಳೆಯನ ಜೊತೆ ಹೋಗೋರು ನೀವಾದರೆ ಅವನ ವಿಷಯ ಡಾಕ್ಟರಿಗೆ ನೀವು ಹೇಳಬೇಡಿ, ಹೇಳೋದು ಬಿಡೋದು ಅವನಿಗೆ ಬಿಟ್ಟದ್ದು. ಏನು ಕುಡಿದಿದ್ದಾನೆ, ಎಷ್ಟು ದಿನದಿಂದ, ಪೌಡರ್ ಬೆರೆತಿತ್ತಾ ಅನ್ನೋದನ್ನು ಮಾತ್ರ ಸರಿಯಾಗಿ ಹೇಳಿ. ಟ್ರಾನ್ಸ್‌ಜೆಂಡರ್ ಗೆಳತಿಯಾದರೆ ಯಾವ ವಾರ್ಡಿನಲ್ಲಿ ಹಾಕುತ್ತಾರೆ ಅನ್ನೋದನ್ನು ಸೇರಿಸುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ.