ಬೇಸ್ ಕ್ಯಾಂಪಿಗೆ ಹೊರಟವರು ಮೊದಲು ರಜೆ ಎಣಿಸಿ

ಕಾಪು ಕಡಲತೀರದಲ್ಲಿ ದಿನಾ ಓಡುವವರು, ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ಬೆವರು ಹರಿಸುವವರು, ಕಾರ್ಕಳದಿಂದ ಮಾಳ ಘಾಟಿ ಹತ್ತಿ ಹೋಗಿ ಕುದುರೆಮುಖವನ್ನು ಒಂದೇ ದಿನದಲ್ಲಿ ಮುಗಿಸುವವರು ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೊರಡುವಾಗ ಶೂ, ಜಾಕೆಟಿಗಿಂತ ಮೊದಲು ದಿನಗಳ ಲೆಕ್ಕ ಹಾಕಬೇಕು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ನಡಿಗೆ ಶುರುವಾಗುವ ಲುಕ್ಲಾ ಅದಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಬೇಸ್ ಕ್ಯಾಂಪ್ 5,364 ಮೀಟರ್. ಅಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಯ ಹೆಚ್ಚುಕಡಿಮೆ ಅರ್ಧ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ಇದಕ್ಕೆ ದೇಹ ಒಗ್ಗಲು ದಿನಗಳೇ ಬೇಕು.

‘ನಾನು ಗಟ್ಟಿಮುಟ್ಟಾಗಿದ್ದೇನಲ್ಲ’ ಎನ್ನಬಹುದು. ಕಾಲಿನ ಕಸುವು ಎತ್ತರದ ಕಾಯಿಲೆಯನ್ನು ತಡೆಯುವುದಿಲ್ಲ. ಬೇಗ ನಡೆಯಬಲ್ಲವರು ಬೇಗ ಮೇಲೇರಿ ತೊಂದರೆಗೆ ಸಿಲುಕುವುದೇ ಹೆಚ್ಚು. ‘ಮಾತ್ರೆ ಇದೆಯಲ್ಲ’ ಎಂಬುದೂ ಪೂರ್ತಿ ಸರಿಯಲ್ಲ. ಡಯಾಮಾಕ್ಸ್ ಒಗ್ಗಿಕೊಳ್ಳುವುದಕ್ಕೆ ನೆರವಾಗುತ್ತದೆ, ಅವಸರಕ್ಕೆ ಪರವಾನಗಿ ಕೊಡುವುದಿಲ್ಲ. ವೈದ್ಯರನ್ನು ಕೇಳದೆ ನುಂಗಲೂಬಾರದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ. ದಾರಿಯಲ್ಲಿ ಸಿಗುವ ನಾಮ್ಚೆಯಲ್ಲೂ ಡಿಂಗ್‌ಬೋಚೆಯಲ್ಲೂ ಒಂದೊಂದು ದಿನ ಹೆಚ್ಚು ನಿಲ್ಲಿ. ತಲೆನೋವು, ವಾಕರಿಕೆ ಬಂದರೆ ಮುಂದೆ ಹೋಗಬೇಡಿ. ಹೆಜ್ಜೆ ತಪ್ಪಿದರೆ, ಕುಳಿತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಇಳಿಯಿರಿ. ರಜೆ ಸಾಲದು ಎನ್ನುವವರ ಕಷ್ಟ ನಿಜವೇ. ಆದರೆ ಮೋಡ ಕವಿದರೆ ಲುಕ್ಲಾದ ವಿಮಾನವೂ ಹಾರದು. ಅದಕ್ಕೆಂದೇ ಎರಡು ದಿನ ಕೈಯಲ್ಲಿರಬೇಕು. ಅಷ್ಟು ರಜೆ ಸಿಗದಿದ್ದರೆ ಈ ವರ್ಷ ತಗ್ಗಿನ ಚಾರಣವೊಂದನ್ನು ಆರಿಸಿಕೊಳ್ಳುವುದೇ ಜಾಣತನ.